ಕೆಲಸ ಸಿಕ್ಕರೆ ಯುವನಿಧಿ ಹೋಯಿತು

ಮಾನ್ಯರೇ,

ನನ್ನ ಮಗ ಬಿಕಾಂ ಮುಗಿಸಿ ಮನೆಯಲ್ಲಿದ್ದ. ಕೆಲಸವಿಲ್ಲದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯಿಂದ ತಿಂಗಳಿಗೆ 3,000 ರೂಪಾಯಿ ಬರುತ್ತಿತ್ತು. ಈಚೆಗೆ ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಸಂಬಳ 9,000. ಕೆಲಸ ಸಿಕ್ಕರೆ ಯುವನಿಧಿ ನಿಲ್ಲುತ್ತದೆ, ಅದು ನಿಯಮ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆವು. ಕುರುಗೋಡಿನಿಂದ ಹೋಗಿ ಬರಲು ದಿನಕ್ಕೆ 80 ರೂಪಾಯಿ. (ಬಸ್ಸಿನಲ್ಲಿ ಉಚಿತವಾಗಿ ಓಡಾಡುವ ಶಕ್ತಿ ಯೋಜನೆ ಗಂಡುಮಕ್ಕಳಿಗೆ ಇಲ್ಲವಲ್ಲ!) ಊಟ, ಚಹಾಕ್ಕೆ 50. 26 ದಿನಕ್ಕೆ 3,380 ಆಯಿತು. ನಿಂತುಹೋಗುವ 3,000ವನ್ನೂ ಕಳೆದರೆ ಜಾಸ್ತಿ ಸಿಗುವುದು ಬರೀ 2,620. ದಿನಕ್ಕೆ ನೂರು ರೂಪಾಯಿ! 2025–26ರಲ್ಲಿ ಉದ್ಯೋಗ ಖಾತ್ರಿಯ ಕೂಲಿಯೇ 370 ಇತ್ತು.

"ಸುಮ್ನೆ ಮನೇಲಿರಪ್ಪ" ಅಂದಳು ಅವರಮ್ಮ. ನಾನು ಒಪ್ಪಲಿಲ್ಲ. ಯುವನಿಧಿ ಹೆಚ್ಚೆಂದರೆ ಎರಡು ವರ್ಷ. ಆಮೇಲೆ ಕೆಲಸ ಕೇಳಲು ಹೋದರೆ "ಇಷ್ಟು ದಿನ ಏನು ಮಾಡ್ತಿದ್ದೆ?" ಅಂತಾರೆ. ಈಗ ಟ್ಯಾಲಿ, ಜಿಎಸ್‌ಟಿ ಬಿಲ್ಲು ಕಲಿತಿದ್ದಾನೆ. ಬೆಳಿಗ್ಗೆ ಬೇಗ ಏಳುತ್ತಾನೆ, ಅದೂ ಕಡಿಮೆಯಲ್ಲ.

ಹಾಗಂತ ಲೆಕ್ಕ ನೋಡಿ ಹಿಂಜರಿಯುವ ಹುಡುಗರನ್ನು ಸೋಮಾರಿಗಳು ಅನ್ನಬೇಡಿ. ಸಂಬಳ ನಗದಾಗಿ ಕೈಗೆ ಕೊಡುವ ಕಡೆ, ಯುವನಿಧಿ ನಿಲ್ಲದಿರಲಿ ಅಂತ ಕೆಲಸವನ್ನೇ ಮುಚ್ಚಿಡುವ ಆಸೆಯೂ ಹುಟ್ಟುತ್ತದೆ. ಕಡಿಮೆ ಸಂಬಳಕ್ಕೆ ಸೇರಿದವರಿಗೆ ಮೊದಲ ಆರು ತಿಂಗಳು ಅರ್ಧದಷ್ಟಾದರೂ, ಅಂದರೆ 1,500 ರೂಪಾಯಿ ಮುಂದುವರಿಸಲಿ. ನನ್ನ ಮಗನ ಬಸ್ ಖರ್ಚಿನ ಹೆಚ್ಚುಕಡಿಮೆ ಮುಕ್ಕಾಲು ಭಾಗ ಅದರಲ್ಲೇ ಕಳೆಯುತ್ತದೆ.

– ಒಬ್ಬ ತಂದೆ, ಕುರುಗೋಡು, ಬಳ್ಳಾರಿ ಜಿಲ್ಲೆ