ಕೃಪಾಚಾರ್ಯನನ್ನು ತರಗತಿಗೆ ಕರೆತಂದವರಿಗೆ

ಹೆಸರು ಹಾಕಬೇಡಿ ಎಂದ ಆ ತಾಳಮದ್ದಳೆ (ವೇಷವಿಲ್ಲದೆ ಕೂತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ಅರ್ಥಧಾರಿಗಳಿಗೆ, ಅಂದರೆ ಪಾತ್ರವಾಗಿ ಮಾತಾಡುವ ಕಲಾವಿದರಿಗೆ, ಯುದ್ಧದ ಹೊಣೆಯನ್ನು ತರಗತಿಯಲ್ಲಿ ಚರ್ಚಿಸುವ ಬಗೆ ತೋರಿಸಿಕೊಟ್ಟದ್ದಕ್ಕೆ ಉಡುಪಿಯ ಪ್ರೌಢಶಾಲಾ ಕನ್ನಡ ಅಧ್ಯಾಪಕರ ತುಂಬುಮನಸ್ಸಿನ ವಂದನೆ.

ಕುರುಕ್ಷೇತ್ರ ಯುದ್ಧದ ತಪ್ಪು ಯಾರದು ಎಂದರೆ ಒಂಬತ್ತನೇ ತರಗತಿಯ ಮಕ್ಕಳು ಶಕುನಿ ಎನ್ನುತ್ತಾರೆ, ಇಲ್ಲವೇ ವಿಧಿ ಎನ್ನುತ್ತಾರೆ. ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಪ್ರಶ್ನೆ ತೀರಾ ದೊಡ್ಡದಾಗಿರುವುದೇ ಕಾರಣ. ನೀವು ಅದನ್ನು ಮಹಾಭಾರತದ ಸೌಪ್ತಿಕ ಪರ್ವದ, ಮಲಗಿದ್ದ ಪಾಂಡವ ಶಿಬಿರದ ಮೇಲೆ ದಾಳಿ ನಡೆದ ಒಂದೇ ರಾತ್ರಿಗೆ ಇಳಿಸಿಕೊಟ್ಟಿರಿ. ಮಲಗಿದವರನ್ನು ಕೊಲ್ಲುವುದು ಸಲ್ಲದು ಎಂದು ಅಶ್ವತ್ಥಾಮನಿಗೆ ಬುದ್ಧಿ ಹೇಳಿದ ಕೃಪನೇ ಕೊನೆಗೆ ಶಿಬಿರದ ಬಾಗಿಲಲ್ಲಿ ನಿಂತು ಓಡಿಬಂದವರನ್ನು ಕೊಲ್ಲುತ್ತಾನೆ. ಅವನಿಗೆ ಏನು ಗೊತ್ತಿತ್ತು, ಏನು ಮಾಡಿದ, ಬೇರೆ ದಾರಿ ಯಾವುದಿತ್ತು ಎಂದು ಮೂರು ಕಾಲಂ. 10 ನಿಮಿಷ ಸದ್ದಿಲ್ಲದೆ ಬರೆಯುವುದು, ಮಾತು ಆಮೇಲೆ. ಮೊದಲೇ ಮಾತಿಗೆ ಬಿಟ್ಟರೆ ದೊಡ್ಡ ದನಿಯವರದೇ ತೀರ್ಪು.

ಮರುದಿನ ಮೊದಲ ಮಹಾಯುದ್ಧದ ಕಥೆ ಹೇಳುವ 1929ರ ರೆಮಾರ್ಕ್ ಕಾದಂಬರಿ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’. ಗುಂಡಿಯೊಳಗೆ ತಾನೇ ಇರಿದ ಫ್ರೆಂಚ್ ಸೈನಿಕನ ಪಕ್ಕದಲ್ಲಿ ಗಂಟೆಗಟ್ಟಲೆ ಉಳಿಯುವ ಜರ್ಮನ್ ಸೈನಿಕ ಪಾಲ್. ಜೊತೆಗೆ, ಅಭಿಮನ್ಯುವಿನ ಶವದೆದುರು ಅವನ ಶೌರ್ಯವನ್ನು ಕೊಂಡಾಡುವ ರನ್ನನ ‘ಗದಾಯುದ್ಧ’ದ ದುರ್ಯೋಧನ. ಮೆಚ್ಚುವುದೇ ಬೇರೆ, ಹೊಣೆ ಹೊರುವುದೇ ಬೇರೆ ಎಂಬುದನ್ನು ಇಲ್ಲಿ ಮಕ್ಕಳೇ ಹಿಡಿಯುತ್ತಾರೆ. ಎಷ್ಟು ಒಳ್ಳೆಯ ಜೋಡಿ!

ಪಾತ್ರದ ಪರ ವಾದಿಸಿದವರನ್ನೇ ಅರ್ಧದಲ್ಲಿ ಎದುರಾಳಿಯ ಜಾಗಕ್ಕೆ ಕೂರಿಸಿ ಎಂದಿರಿ. ಗೆಲ್ಲುವ ಹಟ ಅಲ್ಲಿಗೆ ಇಳಿಯುತ್ತದೆ, ಪಠ್ಯ ಮತ್ತೆ ಕೈಗೆ ಬರುತ್ತದೆ.