ಬಚ್ಚಲ ಗೋಡೆಗೆ ಒಂದು ಹಿಡಿಕೆ

ಇಂಗ್ಲೆಂಡ್
ಭಾನುವಾರ ಮಧ್ಯಾಹ್ನ, ನೈಟ್ ಡ್ಯೂಟಿ ಮುಗಿಸಿ ಮಲಗಿ ಎದ್ದ ಮೇಲೆ

ಪ್ರೀತಿಯ ಅಪ್ಪ, ಅಮ್ಮನಿಗೆ ಪುಟ್ಟಿಯ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ, ಸಂಜೆ ಬೇಗನೆ ಕತ್ತಲು. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ, ಜೋಪಾನ ಮಾಡಿ ತಿನ್ನುತ್ತಿದ್ದೇನೆ.

ದಿನಾ ವಾಟ್ಸಾಪಲ್ಲಿ ಮಾತಾಡುವಾಗ ಪತ್ರ ಯಾಕೆ ಅಂತ ಅಪ್ಪ ಕೇಳ್ತೀರಿ, ಗೊತ್ತು. ಫೋನಲ್ಲಿ ಏನಾಗುತ್ತೆ ಹೇಳಿ? ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ಚಿನ್ನು ಫೋನ್ ಕಿತ್ತುಕೊಳ್ಳುತ್ತಾನೆ. ನೀವು "ಊಟ ಆಯ್ತಾ" ಅಂತೀರಿ. ಅಲ್ಲಿಗೆ ಮುಗೀತು. ಪತ್ರವಾದರೆ ಅಕ್ಕ ಕೂತು ಎಲ್ಲರಿಗೂ ಓದಿ ಹೇಳಬಹುದು. ಅಜ್ಜಿಗೆ ಸ್ವಲ್ಪ ಗಟ್ಟಿಯಾಗಿ ಓದು ಅಕ್ಕ.

ಅಜ್ಜಿ ಬಚ್ಚಲಲ್ಲಿ ಬಿದ್ದ ವಿಷಯವನ್ನು ನನಗೆ ಎರಡು ದಿನ ಬಿಟ್ಟು ಹೇಳಿದಿರಿ. ಸದ್ಯ, ಮೂಳೆ ಮುರಿದಿಲ್ಲ. ಬೇಜಾರಾಗಿದ್ದು ಅದಕ್ಕಲ್ಲ. "ವಯಸ್ಸಾಯ್ತಲ್ಲಮ್ಮ, ಬೀಳೋದೇ" ಅಂದಿರಲ್ಲ ಅಪ್ಪ, ಆ ಮಾತಿಗೆ. ಅದೇ ಫೋನಲ್ಲಿ "ರಾತ್ರಿ ಡ್ಯೂಟಿ ಹೇಗಿತ್ತು" ಅಂತ ಕೇಳಿದಿರಿ. "ಏನೂ ಆಗಲಿಲ್ಲ" ಅಂದೆ. "ಹಾಗಾದ್ರೆ ಆರಾಮ್ ಬಿಡು" ಅಂದಿರಿ. ಆರಾಮ್ ಎಲ್ಲಿ ಬಂತು? ಏನೂ ಆಗದ ಹಾಗೆ ನೋಡಿಕೊಳ್ಳಲಿಕ್ಕೇ ನಾವು ನಾಲ್ಕು ಜನ ನರ್ಸುಗಳು ಹನ್ನೆರಡು ಗಂಟೆ ಓಡಾಡಿದ್ದೆವು.

ನಮ್ಮ ವಾರ್ಡಿನಲ್ಲಿ ಇರುವವರೆಲ್ಲ ಹೆಚ್ಚುಕಡಿಮೆ ಅಜ್ಜಿ ವಯಸ್ಸಿನವರು. ಮೊನ್ನೆ ರಾತ್ರಿ ಎರಡು ಗಂಟೆಗೆ ಕಿಟಕಿ ಪಕ್ಕದ ಹಾಸಿಗೆಯ ಮುದುಕಿ ಮೆಲ್ಲಗೆ ಹೊದಿಕೆ ಸರಿಸಿ, ಒಂದು ಕಾಲು ಕೆಳಗಿಟ್ಟು ಕೂತಿದ್ದರು. ಕೈಗೆಟುಕುವಲ್ಲೇ ಬೆಲ್ ಇತ್ತು, ಒತ್ತಿರಲಿಲ್ಲ. ಯಾಕೆ ಅಂದರೆ, "ನೀವು ಪಾಪ ಕೆಲಸದಲ್ಲಿದ್ದಿರಿ." ಥೇಟ್ ನಮ್ಮ ಅಜ್ಜಿ! ಸತ್ತರೂ ಸರಿ, ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನುವ ಜಾತಿ. ಇಂಥವರು ಬೆಲ್ ಒತ್ತಲಿ ಅಂತ ಕಾಯುತ್ತಾ ಕೂತರೆ ಆಗಲ್ಲ. ಅದಕ್ಕೇ ನಾವೇ ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಹೋಗಿ ಬಾತ್‌ರೂಮಿಗೆ ಹೋಗಬೇಕಾ ಅಂತ ಕೇಳುತ್ತೇವೆ. ನಾನು ಕಂಡ ಹಾಗೆ ನಮ್ಮ ವಾರ್ಡಿನಲ್ಲಿ ಬಿದ್ದವರಲ್ಲಿ ಮುಕ್ಕಾಲು ಜನ ಬಾತ್‌ರೂಮಿಗೆ ಹೊರಟವರೇ. ಹಾಸಿಗೆಯನ್ನು ಪೂರಾ ಕೆಳಗೆ ಇಳಿಸಿರುತ್ತೇವೆ. ಕನ್ನಡಕ, ಕೋಲು, ನೀರಿನ ಲೋಟ ಎಲ್ಲಾ ಕೈಗೆ ಸಿಗುವಲ್ಲಿ. ಕಾಲಿಗೆ ಅಡಿಯಲ್ಲಿ ರಬ್ಬರ್ ಚುಕ್ಕಿ ಇರುವ ಕಾಲುಚೀಲ.

ಹಾಸಿಗೆಗೆ ಕಂಬಿ ಹಾಕಿಬಿಟ್ಟರೆ ಬೀಳಲ್ಲ ಅಲ್ವಾ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ತಲೆ ಸ್ವಲ್ಪ ಗೊಂದಲವಾಗಿರುವವರು ಕಂಬಿ ಹತ್ತಿ ದಾಟಲು ನೋಡುತ್ತಾರೆ. ಆಗ ಬೀಳುವುದು ಇನ್ನೂ ಎತ್ತರದಿಂದ.

ಇನ್ನೊಂದು ಕೆಲಸ ಇದೆ, ಅದನ್ನು ಅಕ್ಕ ಮನೆಯಲ್ಲೇ ಮಾಡಬಹುದು. ನಾನು ಕೊಟ್ಟುಬಂದ ಬಿಪಿ ಮೆಷಿನ್ ಬೀರುವಿನಲ್ಲಿ ಇದೆಯಲ್ಲ. ಅಜ್ಜಿ ಐದು ನಿಮಿಷ ಸುಮ್ನೆ ಮಲಗಿದ ಮೇಲೆ ಒಂದು ಸಲ ನೋಡು. ಆಮೇಲೆ ಎದ್ದು ನಿಲ್ಲಿಸಿ ಒಂದು ನಿಮಿಷದೊಳಗೆ ಒಂದು ಸಲ, ಮೂರು ನಿಮಿಷಕ್ಕೆ ಇನ್ನೊಂದು ಸಲ. ಪಕ್ಕದಲ್ಲಿ ಅಮ್ಮ ಹಿಡಿದುಕೊಂಡಿರಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಅಜ್ಜಿ ಬಿದ್ದದ್ದು ವಯಸ್ಸಿಗಲ್ಲ, ಎದ್ದಾಗ ತಲೆಗೆ ರಕ್ತ ಸಾಲದೆ ಇರಬಹುದು. ಆ ಮೂರು ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ರಾತ್ರಿ ಕೊಡುತ್ತಿರುವ ನಿದ್ದೆ ಮಾತ್ರೆ ಬೇಕೇ ಬೇಕಾ ಅಂತಲೂ ಕೇಳಿ. ನೀವೇ ನಿಲ್ಲಿಸಬೇಡಿ, ಕೇಳಿ. ಮತ್ತೆ ಅಜ್ಜಿ, ನೀನು ಎಚ್ಚರವಾದ ತಕ್ಷಣ ಎದ್ದು ಹೊರಡಬೇಡ. ಮಂಚದ ಅಂಚಲ್ಲಿ ಕೂತು ಕಾಲು ಆಡಿಸು. "ರಾಮ ರಾಮ" ಅಂತ ಇಪ್ಪತ್ತು ಸಲ ಹೇಳಿ ಆಮೇಲೆ ಏಳು.

ಈಗ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ಅಮ್ಮ ಗಾಬರಿಯಾಗಬೇಡ, ಯಾರಿಗೂ ಏನೂ ಆಗಲಿಲ್ಲ.

ಇಲ್ಲಿ ಬಂದ ಮೊದಲ ವರ್ಷ. ಅಕ್ಕಪಕ್ಕದ ಹಾಸಿಗೆಯಲ್ಲಿ ಒಂದೇ ಸರ್‌ನೇಮಿನ ಇಬ್ಬರು ಅಜ್ಜಂದಿರು. ಒಬ್ಬರಿಗೆ ರಕ್ತ ತೆಳುವಾಗಿಸುವ ಮಾತ್ರೆ ಇತ್ತು, ಇನ್ನೊಬ್ಬರಿಗೆ ಅದು ಕೊಡಲೇಬಾರದು. ನಾನು ಮಾತ್ರೆ ಲೋಟ ಹಿಡಿದು ಹೋದದ್ದು ಕೊಡಬಾರದವರ ಹತ್ತಿರ. "ನೀವು ಮಿಸ್ಟರ್ ಇಂಥವರು ಅಲ್ವಾ" ಅಂತ ಕೇಳಿದ್ದರೆ ಅವರು ತಲೆಯಾಡಿಸುತ್ತಿದ್ದರು, ಸರಿಯಾಗಿಯೇ. ಕಿವಿ ಕೇಳದವರು ಏನು ಕೇಳಿದರೂ ಹೂಂ ಅಂತಾರೆ. ಅದಕ್ಕೇ ನಮಗೆ ಹಾಗೆ ಕೇಳಬಾರದು ಅಂತಲೇ ಕಲಿಸಿರುತ್ತಾರೆ. "ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ತಾರೀಕು ಹೇಳಿ" ಅಂತ ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿ ಜೊತೆ ತಾಳೆ ನೋಡಬೇಕು. ತಾರೀಕು ಹೇಳಿದರು, ತಾಳೆಯಾಗಲಿಲ್ಲ. ನನ್ನ ಕೈ ತಣ್ಣಗಾಯಿತು.

ಊರಲ್ಲಿ ಮೊದಲು ಕೆಲಸ ಮಾಡುತ್ತಿದ್ದ ಕಡೆ ಇಂಥದ್ದನ್ನು ಯಾರೂ ಬಾಯಿಬಿಡುತ್ತಿರಲಿಲ್ಲ. ಬಿಟ್ಟರೆ ಸಂಬಳಕ್ಕೆ ಕತ್ತರಿ, ಎಲ್ಲರೆದುರು ಬೈಗುಳ. ಇಲ್ಲಿ ಕಂಪ್ಯೂಟರಲ್ಲಿ ಒಂದು ಫಾರಂ ತುಂಬಬೇಕು, ತಪ್ಪು ಆಗದೇ ಉಳಿದರೂ. ನಡುಗುತ್ತಾ ತುಂಬಿದೆ. ವಾರ್ಡಿನ ಸಿಸ್ಟರ್, ಅಂದರೆ ಮುಖ್ಯ ನರ್ಸ್, ಓದಿ ಒಬ್ಬ ಅಜ್ಜನನ್ನು ಬೇರೆ ಕೋಣೆಗೆ ಕಳಿಸಿದರು, ಇಬ್ಬರ ಫೈಲಿನ ಮೇಲೂ ಒಂದೇ ಹೆಸರಿನವರು ಇದ್ದಾರೆ ಅಂತ ಚೀಟಿ ಅಂಟಿಸಿದರು. ಅಷ್ಟೇ. ನನಗೆ ಒಂದು ಕಪ್ ಟೀ ಬೇರೆ ಸಿಕ್ಕಿತು. ಇಲ್ಲಿಯೂ ಎಲ್ಲರೂ ದೇವರಲ್ಲ, ಸಿಡುಕುವವರು ಬೇಕಾದಷ್ಟಿದ್ದಾರೆ. ಆದರೆ ಮನುಷ್ಯನನ್ನು ಬೈಯುವ ಮೊದಲು ವಸ್ತುವನ್ನು ಸರಿಸು ಅನ್ನುವುದು ನನಗೆ ಹಿಡಿಸಿತು. ಪೊಟ್ಯಾಸಿಯಂ ಇಂಜೆಕ್ಷನ್ ಅಂತ ಒಂದಿದೆ. ನೋಡಲು ಸಲೈನ್, ಅಂದರೆ ಉಪ್ಪುನೀರಿನ, ಸಣ್ಣ ಸೀಸೆಯ ಥರಾನೇ. ನೀರು ಬೆರೆಸದೆ ನೇರ ರಕ್ತಕ್ಕೆ ಕೊಟ್ಟರೆ ಹೃದಯ ನಿಂತುಹೋಗುತ್ತದೆ. ಎಷ್ಟು ಹುಷಾರಾಗಿರಿ ಅಂದರೂ ಅವಸರದಲ್ಲಿ ಕೈ ತಪ್ಪುತ್ತಿತ್ತು. 2002ರಲ್ಲಿ ಇಲ್ಲಿನವರು ಅದನ್ನು ಸಾಧಾರಣ ವಾರ್ಡುಗಳ ಕಪಾಟಿನಿಂದಲೇ ತೆಗೆಸಿಬಿಟ್ಟರು. ಇಲ್ಲದ್ದನ್ನು ಯಾರು ತಪ್ಪಿ ತೆಗೆದುಕೊಳ್ಳುತ್ತಾರೆ?

ಈ ಕಣ್ಣಿಂದ ನಮ್ಮ ಮನೆಯನ್ನು ಒಂದು ಸುತ್ತು ನೋಡಿ.

ಅಪ್ಪ, ಮೊದಲು ನಿಮ್ಮದು. ಹೋದ ತಿಂಗಳು ಸಕ್ಕರೆ ಏರಿದಾಗ ತಪ್ಪನ್ನೆಲ್ಲ ಗೌರಿ ಹಬ್ಬದ ಹೋಳಿಗೆ ಮೇಲೆ ಹೊರಿಸಿದಿರಿ. ಅಮ್ಮ ಕಳಿಸಿದ ಫೋಟೋ ಒಂದರಲ್ಲಿ ನಿಮ್ಮ ಇನ್ಸುಲಿನ್ ಸಿರಿಂಜ್ ಕಾಣಿಸಿತು. ಮುಚ್ಚಳ ಕಿತ್ತಳೆ ಬಣ್ಣದ್ದು! ನಿಮ್ಮ ಬಾಟಲಿ 40ರದ್ದು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. ಕಿತ್ತಳೆ ಮುಚ್ಚಳದ್ದು 100ರ ಬಾಟಲಿಗೆ. ಅಂಗಡಿಯಲ್ಲಿ ಕೆಂಪು ಇಲ್ಲ ಅಂತ ಇದನ್ನು ಕೊಟ್ಟಿರಬೇಕು. ನೀವು ಅದರಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು ಬರೀ 8 ಯೂನಿಟ್. ಸಕ್ಕರೆ ಏರದೆ ಏನಾಗುತ್ತೆ? ಪಾಪ ಹೋಳಿಗೆ. ಇದರ ಉಲ್ಟಾ ಇನ್ನೂ ಭಯಂಕರ. ನಾಳೆ ಯಾರಾದರೂ 100ರ ಬಾಟಲಿ ಕೊಟ್ಟು, ನೀವು ಕೆಂಪು ಸಿರಿಂಜಲ್ಲೇ 20ರ ಗೆರೆವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಸಕ್ಕರೆ ವಿಪರೀತ ಇಳಿದು, ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಇರಬಹುದು. ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡೂ ಒಂದೇ ಇರಬೇಕು. ಪ್ರತೀ ಸಲ ಅಮ್ಮನ ಕೈಲಿ ಗಟ್ಟಿಯಾಗಿ ಓದಿಸಿ. ಇಲ್ಲೂ ಇನ್ಸುಲಿನ್ ಅಂದರೆ ಇಬ್ಬರು ನರ್ಸುಗಳು ಒಟ್ಟಿಗೆ ನಿಂತು ನೋಡುತ್ತೇವೆ, ನಾಚಿಕೆ ಏನಿಲ್ಲ.

ಅಕ್ಕ, ಪಾಪುವನ್ನು ಬೋರಲು ಮಲಗಿಸಿದ್ದೀಯ. ಗ್ಯಾಸ್ ಹೋಗುತ್ತೆ, ಚೆನ್ನಾಗಿ ನಿದ್ದೆ ಬರುತ್ತೆ ಅಂತ ಅಜ್ಜಿ ಹೇಳಿರುತ್ತಾಳೆ. ಅಜ್ಜಿಯನ್ನು ಬೈಯಬೇಡ. ಇಲ್ಲಿ 1970, 80ರ ಹೊತ್ತಿಗೆ ಡಾಕ್ಟರು, ನರ್ಸುಗಳೇ ಹಾಗೆ ಹೇಳಿಕೊಡುತ್ತಿದ್ದರು. ಚೆನ್ನಾಗಿದ್ದ ಮಕ್ಕಳು ರಾತ್ರಿ ಮಲಗಿದಲ್ಲೇ ಹೋಗಿಬಿಡುತ್ತಿದ್ದವು. 1991ರಲ್ಲಿ ಆನ್ ಡೈಮಂಡ್ ಅನ್ನುವ ಟಿವಿ ನಿರೂಪಕಿಯ ಮಗು ಹಾಗೇ ತೀರಿಕೊಂಡಿತು. ಆಕೆ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಮಗುವನ್ನು ಅಂಗಾತ ಮಲಗಿಸಿ ಅಂತ ದೇಶಕ್ಕೆಲ್ಲ ಸಾರಿದರು. ಕೆಲವೇ ವರ್ಷಗಳಲ್ಲಿ ಅಂಥ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಔಷಧಿ ಇಲ್ಲ, ಮೆಷಿನ್ ಇಲ್ಲ, ಮಗುವನ್ನು ತಿರುಗಿಸಿ ಮಲಗಿಸಿದ್ದು ಅಷ್ಟೇ. ಎಚ್ಚರವಿದ್ದಾಗ, ನೀನು ಪಕ್ಕದಲ್ಲಿದ್ದಾಗ ಬೋರಲು ಹಾಕಿ ಆಡಿಸು, ಬೇಕಾದಷ್ಟು. ನಿದ್ದೆಗೆ ಅಂಗಾತ. ತಲೆ ದುಂಡಗಾಗಲಿ ಅಂತ ಇಟ್ಟ ಸಾಸಿವೆ ದಿಂಬನ್ನು ತೆಗೆದು ಒಗ್ಗರಣೆಗೆ ಹಾಕು. ಸ್ನಾನಕ್ಕೆ ಮೊದಲು ತಣ್ಣೀರು, ಆಮೇಲೆ ಹಂಡೆಯ ನೀರು. ಮೊಣಕೈ ಅದ್ದಿ ನೋಡಿಯೇ ಮಗುವನ್ನು ಇಳಿಸು.

ಚಿನ್ನು ವಿಷಯಕ್ಕೆ ಬಂದರೆ ನನಗೆ ನಿದ್ದೆಯೇ ಬರಲ್ಲ. ಮೂರು ವರ್ಷದ ಹುಡುಗ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅಜ್ಜಿಯ ಎಲೆಅಡಿಕೆ ತಟ್ಟೆಯಲ್ಲಿರುವ ಸುಣ್ಣದ ಪಾಕೀಟು ನೆನಪಿದೆಯಾ? ಊರಲ್ಲಿ ಕ್ಯಾಶುವಾಲ್ಟಿಯಲ್ಲಿದ್ದಾಗ ನಾನೇ ನೋಡಿದ್ದೇನೆ. ಮಗು ಪಾಕೀಟನ್ನು ಎರಡೂ ಕೈಯಲ್ಲಿ ಹಿಸುಕುತ್ತದೆ, ಅದು ಪಟ್ಟನೆ ಒಡೆದು ನೇರ ಕಣ್ಣಿಗೆ. ಸುಣ್ಣ ಕಣ್ಣೊಳಗೆ ಸುಡುತ್ತಾ ಆಳಕ್ಕೆ ಇಳಿಯುತ್ತದೆ. ಹಾಗೇನಾದರೂ ಆದರೆ ಗಾಡಿ ಹುಡುಕುತ್ತಾ ನಿಲ್ಲಬೇಡಿ. ಮೊದಲು ನಲ್ಲಿ ಕೆಳಗೆ ಹಿಡಿದು, ರೆಪ್ಪೆ ಬಿಡಿಸಿ, ನೀರು ಹೊಯ್ಯುತ್ತಲೇ ಇರಿ. ಒಂದು ಚೂರೂ ಉಳಿಯಬಾರದು. ಆಮೇಲೆ ಆಸ್ಪತ್ರೆ. ಅದಕ್ಕಿಂತ, ಅಜ್ಜಿಯ ತಟ್ಟೆ ಗೂಡಿನ ಮೇಲಿರಲಿ. ಕೇಳಿದಾಗ ಅಮ್ಮ ತೆಗೆದುಕೊಡಲಿ. ಅಜ್ಜಿ ಎರಡು ದಿನ ಮಾತು ಬಿಡುತ್ತಾಳೆ, ಬಿಡಲಿ.

ಕೊಟ್ಟಿಗೆಯಲ್ಲಿ ಜ್ಯೂಸ್ ಬಾಟಲಿಯಲ್ಲಿ ಕಳೆನಾಶಕ ಸುರಿದಿಟ್ಟಿದ್ದೀರಲ್ಲ ಅಪ್ಪ, ಅದನ್ನು ಇವತ್ತೇ ತೆಗೆಯಿರಿ. ಪ್ಯಾರಾಕ್ವಾಟ್ ಆಗಿದ್ದರೆ ಒಂದು ಗುಟುಕು ಸಾಕು, ಅದಕ್ಕೆ ಯಾವ ದೇಶದಲ್ಲೂ ಮದ್ದಿಲ್ಲ. ಅಂಗಡಿಯ ಡಬ್ಬದಲ್ಲೇ ಇರಲಿ, ಬೀಗ ಹಾಕಿ.

ಪಕ್ಕದ ಮನೆ ದೊಡ್ಡಪ್ಪ ಲಕ್ವ ಹೊಡೆದು ಮಲಗಿದಲ್ಲೇ ಇದ್ದಾರೆ ಅಂದಿರಿ. ದೊಡ್ಡಮ್ಮನಿಗೆ ಹೇಳಿ, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಈ ಎರಡು ಜಾಗ ದಿನಾ ನೋಡಬೇಕು. ಪುಸ್ತಕಗಳಲ್ಲಿ ಕೆಂಪಾಗುತ್ತದೆ ಅಂತ ಬರೆದಿರುತ್ತದೆ, ಚಿತ್ರಗಳೆಲ್ಲ ಬಿಳಿ ಚರ್ಮದ್ದು. ನಮ್ಮ ಬಣ್ಣದಲ್ಲಿ ಕೆಂಪು ಎಲ್ಲಿ ಕಾಣುತ್ತೆ? ಅಂಗೈ ಹಿಂಬದಿ ಇಟ್ಟು ನೋಡಲಿ. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದ್ದರೆ, ಗಟ್ಟಿ ಅನಿಸಿದರೆ, ಅಲ್ಲಿ ಹುಣ್ಣು ಶುರುವಾಗುತ್ತಿದೆ ಅಂತ.

ಅಮ್ಮ, ನಿನಗೆ ಒಂದೇ ಮಾತು. ಇಲ್ಲಿ ಮಾರ್ಥಾ ಮಿಲ್ಸ್ ಅಂತ 13 ವರ್ಷದ ಹುಡುಗಿ. ಸೈಕಲ್ಲಿಂದ ಬಿದ್ದು ಹೊಟ್ಟೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದಳು. ನಂಜೇರಿ 2021ರಲ್ಲಿ ತೀರಿಕೊಂಡಳು. ಏನೋ ಸರಿಯಿಲ್ಲ ಅಂತ ಅವಳ ತಾಯಿ ಹೇಳುತ್ತಲೇ ಇದ್ದರು, ಯಾರೂ ಸರಿಯಾಗಿ ಕಿವಿಗೊಡಲಿಲ್ಲ. 2024ರಿಂದ ಇಲ್ಲಿನ ಆಸ್ಪತ್ರೆಗಳಲ್ಲಿ ಅವಳ ಹೆಸರಲ್ಲೇ ಒಂದು ನಿಯಮ ಬಂದಿದೆ. ಮನೆಯವರಿಗೆ ಅನುಮಾನ ಬಂದರೆ ಬೇರೆ ತಂಡ ನೋಡಲಿ ಅಂತ ಅವರೇ ಕೇಳಬಹುದು. ಅಜ್ಜಿ ಬೀಳುವ ಹಿಂದಿನ ದಿನ "ಯಾಕೋ ಅತ್ತೆ ಸರಿಯಿಲ್ಲ ಇವತ್ತು" ಅಂತ ನೀನು ಫೋನಲ್ಲಿ ಅಂದಿದ್ದೆ. ಅಪ್ಪ ನಕ್ಕಿದ್ದರು. ನಾನೂ ನಕ್ಕೆ, ನರ್ಸ್ ಆಗಿ. ಇನ್ನು ಮುಂದೆ ಹಾಗನಿಸಿದರೆ ಹೊತ್ತುಗೊತ್ತು ನೋಡದೆ ನನಗೆ ಫೋನ್ ಮಾಡು.

ರಬ್ಬರ್ ಚುಕ್ಕಿಯ ಕಾಲುಚೀಲ ನಾಲ್ಕು ಜೊತೆ ಪಾರ್ಸೆಲ್ ಮಾಡಿದ್ದೇನೆ. ಎಲ್ಲಾ ಹಳದಿ. ಅಜ್ಜಿಗೆ ಹಿಡಿಸಲ್ಲ ಅಂತ ಗೊತ್ತು. ಬಚ್ಚಲ ಬಾಗಿಲಲ್ಲಿರುವ ಗೋಣಿತಾಟು ತೆಗೆದುಹಾಕಿ, ರಾತ್ರಿ ಪೂರ್ತಿ ಉರಿಯುವ ಹಾಗೆ ಅಲ್ಲೊಂದು ಸಣ್ಣ ಬಲ್ಬ್ ಹಾಕಿ. ದುಡ್ಡು ನಿಮ್ಮ ಅಕೌಂಟಿಗೆ ಹಾಕಿದ್ದೇನೆ, ವೆಲ್ಡಿಂಗ್ ಅಂಗಡಿಯವನಿಗೆ ಹೇಳಿ ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಕೂರಿಸಿ. ಅಳತೆ ತೆಗೆಯುವಾಗ ಅಜ್ಜಿಯನ್ನೇ ನಿಲ್ಲಿಸಿಕೊಳ್ಳಿ ಅಪ್ಪ. ನಿಮ್ಮ ಕೈ ಎತ್ತರಕ್ಕೆ ಹಾಕಿಸಿದರೆ ಅದು ಟವೆಲ್ ಒಣಗಿಸಲಿಕ್ಕೇ ಆಗುವುದು.

ನಿಮ್ಮ
ಪುಟ್ಟಿ

ಹಿಡಿಕೆ ಕೂರಿಸಿದ ಮೇಲೆ ಫೋಟೋ ಕಳಿಸಿ. ಅಜ್ಜಿ ಅದನ್ನು ಹಿಡಿದುಕೊಂಡಿರಬೇಕು.