ದುಡಿದು ಬಂದವರಿಗೂ ಗ್ರಂಥಾಲಯದ ಬಾಗಿಲು ತೆರೆದಿರಲಿ: ದಾವಣಗೆರೆ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ದಾವಣಗೆರೆ

ಮಾನ್ಯರೇ,

ನಾನು ನಿಟ್ಟುವಳ್ಳಿಯವನು. ಎಪಿಎಂಸಿ ಮಾರುಕಟ್ಟೆಯ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ ವಿಷಯ. ನಮ್ಮ ಊರಿನ ಗ್ರಂಥಾಲಯಗಳು ದುಡಿಯುವ ದೊಡ್ಡವರ ಉಪಯೋಗಕ್ಕೂ ಬರಬೇಕು. ಅವರು ಕೆಲಸ ಮುಗಿಸಿ ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು. ಒಳಗೆ ಅವರ ಪ್ರಶ್ನೆಗೆ ಉತ್ತರ ಹುಡುಕಿಕೊಡುವವರು ಒಬ್ಬರಾದರೂ ಕೂತಿರಬೇಕು.

ಗ್ರಂಥಾಲಯ ಇಲಾಖೆಯೇ ಬೇರೆ, ಪಾಲಿಕೆಯೇ ಬೇರೆ, ಇದನ್ನು ನನಗೇಕೆ ಬರೆಯುತ್ತೀರಿ ಅಂತ ನೀವು ಕೇಳಬಹುದು. ಉತ್ತರ ಆಸ್ತಿ ತೆರಿಗೆಯ ಚಲನ್‌ನಲ್ಲೇ ಇದೆ. ತೆರಿಗೆಯ ಕೆಳಗೆ ಆರೋಗ್ಯ ಕರ, ಭಿಕ್ಷುಕರ ಕರ, ಗ್ರಂಥಾಲಯ ಕರ ಅಂತ ಸಾಲುಗಳಿವೆ. ಗ್ರಂಥಾಲಯ ಕರ ಶೇ 6. ಅಂದರೆ 3,000 ರೂಪಾಯಿ ತೆರಿಗೆ ಕಟ್ಟುವ ಮನೆಯವರು ಗ್ರಂಥಾಲಯಕ್ಕೆ ಅಂತಲೇ 180 ರೂಪಾಯಿ ಕೊಡುತ್ತಾರೆ. ಇದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ. ವಸೂಲಿ ಮಾಡುವವರು ನೀವು. ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕಾದವರೂ ನೀವೇ. ಬಾಡಿಗೆ ಮನೆಯಲ್ಲಿರುವವರ ಪಾಲೂ ಬಾಡಿಗೆಯಲ್ಲೇ ಸೇರಿ ನಿಮ್ಮಲ್ಲಿಗೆ ಬರುತ್ತೆ. 2011ರ ಜನಗಣತಿಯ ಹೊತ್ತಿಗೇ ಈ ಊರಿನ ಜನಸಂಖ್ಯೆ 4.3 ಲಕ್ಷ ದಾಟಿತ್ತು. ಇಷ್ಟು ಜನರ ದುಡ್ಡಿನ ಗ್ರಂಥಾಲಯಕ್ಕೆ ದೊಡ್ಡವರಲ್ಲಿ ಎಷ್ಟು ಜನ ಕಾಲಿಡುತ್ತಾರೆ?

ನಾನು ನೋಡಿದ ಮಟ್ಟಿಗೆ ಹೇಳುತ್ತೇನೆ. ಬೆಳಿಗ್ಗೆ ಪೇಪರ್ ಓದಲು ನಿವೃತ್ತರು ಬರುತ್ತಾರೆ. ಆಮೇಲೆ ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಂದು ಕೂರುತ್ತಾರೆ. ಕೋಚಿಂಗ್‌ಗೆ ಹಣ ಕಟ್ಟಲಾಗದವರು ಅವರು. ಅವರ ಒಂದು ಕುರ್ಚಿಯೂ ಕಮ್ಮಿ ಆಗಬಾರದು. ಆದರೆ ಈ ಎರಡು ಗುಂಪಿನ ನಡುವೆ ಒಂದು ಇಡೀ ಊರೇ ಇದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಬೀಡಿ ಕಟ್ಟುವ ಹೆಂಗಸರು, ಮಂಡಿಪೇಟೆಯ ಅಂಗಡಿ ಹುಡುಗರು, ಆಟೋದವರು, ಹಮಾಲರು, ಮನೆಗೆಲಸದವರು. ಅವರನ್ನು ನಾನು ಗ್ರಂಥಾಲಯದಲ್ಲಿ ಕಂಡಿಲ್ಲ. ಓದುವ ಆಸೆ ಇಲ್ಲದೆ ಅಲ್ಲ. ಅದು ನಮ್ಮಂಥವರಿಗಲ್ಲ ಅಂತ ಅವರು ತಿಳಿದುಕೊಂಡಿದ್ದಾರೆ.

ಮೆಕ್ಕೆಜೋಳದ ಸೀಜನ್‌ನಲ್ಲಿ ಒಂದು ಮಧ್ಯಾಹ್ನ ನಮ್ಮ ಅಂಗಡಿಯಲ್ಲಿ ನಡೆದದ್ದು ಹೇಳಬೇಕು. ಲಾರಿ ಲೋಡ್ ಮಾಡಿ ಬಂದ ಹಮಾಲರೊಬ್ಬರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈ ಒರೆಸಿಕೊಂಡರು. ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ಮಡಚಿಟ್ಟ ಒಂದು ಕಾಗದ. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿತ್ತು. "ಅಣ್ಣಾ, ನಮ್ಮವ್ವಂದು ಪಿಂಚಣಿ ಕಾಗದ ಇದು. ಏನಾಗೈತಿ ನೋಡ್ರಿ" ಅಂದರು. ಅದು ಸಕಾಲದ, ಅಂದರೆ ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ವ್ಯವಸ್ಥೆಯ, ಸ್ವೀಕೃತಿ. ಮೇಲೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇತ್ತು. ಆ ಸಂಖ್ಯೆ ಹಾಕಿದರೆ ಅರ್ಜಿ ಎಲ್ಲಿಗೆ ಬಂತು ಅಂತ ಮೊಬೈಲ್‌ನಲ್ಲೇ ನೋಡಬಹುದು. ಗಡುವು ದಾಟಿದರೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ಸಕಾಲ ಶುರುವಾದದ್ದು 2012ರಲ್ಲಿ. ಅಷ್ಟು ವರ್ಷದಿಂದ ಇರುವ ಹಕ್ಕನ್ನು ಆ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ. ದಿನದ ಕೂಲಿ ಬಿಟ್ಟು ಕಚೇರಿಗೆ ಹೋಗುವುದು, "ಇನ್ನೂ ಬಂದಿಲ್ಲ" ಅಂತ ಹೇಳಿಸಿಕೊಂಡು ಬರುವುದು, ಇದೇ ನಡೆದಿತ್ತು.

ಅವತ್ತು ಅವರು ನನ್ನ ಹತ್ತಿರ ಬಂದರು, ಸರಿ. ನನ್ನಂಥ ಗುಮಾಸ್ತನ ಪರಿಚಯ ಇಲ್ಲದವರು ಎಲ್ಲಿಗೆ ಹೋಗಬೇಕು? ಕಂಪ್ಯೂಟರ್ ಅಂಗಡಿಗೆ ಹೋದರೆ ಅರ್ಜಿ ಹಾಕಿಕೊಡುತ್ತಾರೆ, ದುಡ್ಡು ತಗೊಳ್ತಾರೆ. ಅದು ಅವರ ವ್ಯಾಪಾರ, ತಪ್ಪಲ್ಲ. ಕರ್ನಾಟಕ ಒನ್ ಕೇಂದ್ರ ಇದೆಯಲ್ಲ ಅಂತ ನೀವು ಹೇಳಬಹುದು. ಅಲ್ಲಿ ಬಿಲ್ ಕಟ್ಟಬಹುದು, ಅರ್ಜಿ ಕೊಡಬಹುದು. ಆದರೆ ಸರದಿಯಲ್ಲಿ ನಿಂತು ಕೌಂಟರ್‌ಗೆ ಬಂದವರು, "ಇದು ನನಗೆ ಸಿಗುತ್ತಾ, ಸಿಗದಿದ್ದರೆ ಯಾಕೆ, ಮುಂದೆ ಏನು ಮಾಡಲಿ" ಅಂತ ನಿಧಾನಕ್ಕೆ ಕೂತು ಕೇಳುವುದಕ್ಕೆ ಆಗಲ್ಲ. ಹಿಂದೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಕೂತು ಕೇಳುವ ಜಾಗ ಬೇಕು. ಊರಲ್ಲಿ ಅಂಥ ಜಾಗ ಅಂದರೆ ಗ್ರಂಥಾಲಯ. ಅಲ್ಲಿ ಕುರ್ಚಿ ಇದೆ, ಮೇಜಿದೆ, ಒಳಗೆ ಬಂದವರನ್ನು ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ.

ಹಾಗಾಗಿ ನನ್ನ ಮೊದಲ ಬೇಡಿಕೆ ಒಂದು ಮಾಹಿತಿ ಮೇಜು. ಮೇಜು, ಎರಡು ಕುರ್ಚಿ, ಇಂಟರ್ನೆಟ್ ಇರುವ ಕಂಪ್ಯೂಟರ್, ಪ್ರಿಂಟರ್. ಸಂಜೆ 6ರಿಂದ 9ರವರೆಗೆ ಅಲ್ಲಿ ಒಬ್ಬರು ಕೂರಬೇಕು. ಅವರಿಗೆ ಎಲ್ಲಾ ಗೊತ್ತಿರಬೇಕು ಅಂತಿಲ್ಲ. ಎಲ್ಲಿ ಹುಡುಕಬೇಕು ಅಂತ ಗೊತ್ತಿದ್ದರೆ ಸಾಕು. ಜನ ಕೇಳುವ ಪ್ರಶ್ನೆಗಳು ನನಗೆ ಚೆನ್ನಾಗಿ ಗೊತ್ತು. ಗೃಹಲಕ್ಷ್ಮಿ ಹಣ ಯಾಕೆ ನಿಂತಿದೆ? ಇ-ಖಾತಾಗೆ ಏನೇನು ದಾಖಲೆ ಬೇಕು? ಜಲಸಿರಿ ನಲ್ಲಿಯ ಬಿಲ್ ಹೇಗೆ ಲೆಕ್ಕ ಹಾಕಿದ್ದಾರೆ? ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನಕ್ಕೆ ಎಲ್ಲಿ ಅರ್ಜಿ ಹಾಕಬೇಕು? ಇವುಗಳಲ್ಲಿ ಅರ್ಧಕ್ಕೆ ಉತ್ತರ ಇರುವುದು ನಿಮ್ಮ ಪಾಲಿಕೆಯಲ್ಲೇ.

ಕೆಲವು ಮಾಹಿತಿಯಂತೂ ತಡವಾಗಿ ಸಿಕ್ಕರೆ ಪ್ರಯೋಜನವೇ ಇಲ್ಲ. ಬ್ಯಾಂಕಿನವರು ಅಂತ ಹೇಳಿ ಫೋನ್ ಮಾಡಿ ಖಾತೆಯಿಂದ ಹಣ ಎತ್ತಿದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಹಣ ಕಳ್ಳರ ಕೈ ಸೇರುವ ಮೊದಲೇ ತಡೆಯಲು ಅದೇ ದಾರಿ. ಹಣ ಕಳೆದುಕೊಂಡ ಮಾರನೇ ದಿನ ನನ್ನ ಹತ್ತಿರ ಬಂದು ಅತ್ತವರನ್ನು ನೋಡಿದ್ದೇನೆ. ಆ ನಂಬರ್ ಅವರ ಕಿವಿಗೇ ಬಿದ್ದಿರಲಿಲ್ಲ. ಕಾನೂನು ನೆರವಿನ ವಿಷಯವೂ ಹಾಗೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿದರೂ ಸಾಕು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಈ ನಿಯಮ ಗೊತ್ತಿಲ್ಲದೆ ಎರಡು ಪುಟ ಗೋಳು ಬರೆದು ಕೊಟ್ಟು, ಅರ್ಜಿ ವಾಪಸ್ ಬಂದಾಗ ಸುಮ್ನೆ ಕೂರುವವರೇ ಜಾಸ್ತಿ. ಅರ್ಜಿ ಬರೆಯಲು ಗ್ರಂಥಾಲಯದಲ್ಲಿ ಹತ್ತು ನಿಮಿಷ ಸಹಾಯ ಸಿಕ್ಕರೆ ಅವರು ಕೇಳಬೇಕಾದ್ದು ಕೇಳುತ್ತಾರೆ.

ಎರಡನೆಯದು ಕಲಿಕೆ. ದಾವಣಗೆರೆ ಮಿಲ್ಲುಗಳ ಊರಾಗಿತ್ತು, ಈಗ ಕಾಲೇಜುಗಳ ಊರು. ಎರಡು ಮೆಡಿಕಲ್ ಕಾಲೇಜು, 1951ರಿಂದ ನಡೆಯುತ್ತಿರುವ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು, 2009ರಿಂದ ವಿಶ್ವವಿದ್ಯಾಲಯ, ತರಳಬಾಳು ಕೃಷಿ ವಿಜ್ಞಾನ ಕೇಂದ್ರ. ಕಲಿಸುವವರಿಗೆ ಇಲ್ಲಿ ಬರವೇ ಇಲ್ಲ. ಆದರೆ ಈ ಕಲಿಕೆಯೆಲ್ಲ ಶುಲ್ಕ ಕಟ್ಟುವ ಹರೆಯದವರಿಗೆ. 40 ದಾಟಿದ ಮನುಷ್ಯನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟರ್ ಹೇಳಿದಾಗ, ಮುದ್ದೆ ತಿನ್ನಬಹುದಾ, ಕಾಲಿನ ಗಾಯ ಯಾಕೆ ಒಣಗುತ್ತಿಲ್ಲ ಅಂತ ಅವರು ಯಾರನ್ನು ಕೇಳಬೇಕು? ಓಪಿಡಿಯಲ್ಲಿ ಡಾಕ್ಟರಿಗೆ ಅಷ್ಟು ಸಮಯ ಇರಲ್ಲ. ಅದೇ ಡಾಕ್ಟರ್ ತಿಂಗಳಿಗೊಂದು ಭಾನುವಾರ ಸಂಜೆ ಬಡಾವಣೆಯ ಗ್ರಂಥಾಲಯಕ್ಕೆ ಬಂದು ಒಂದು ಗಂಟೆ ಮಾತಾಡಲಿ. ಇನ್ನೊಂದು ಭಾನುವಾರ ವಕೀಲರು. ಮತ್ತೊಂದು ದಿನ ಬ್ಯಾಂಕಿನವರು, ಚೀಟಿ ಹಾಕುವುದಕ್ಕೂ ಆರ್‌ಡಿ ಕಟ್ಟುವುದಕ್ಕೂ ಏನು ವ್ಯತ್ಯಾಸ ಅಂತ ಹೇಳಲಿ. ಮೈಕ್ ಬೇಡ, ಹಾರ ಬೇಡ, ಸ್ವಾಗತ ಭಾಷಣವೂ ಬೇಡ. ಪ್ರಶ್ನೆ ಕೇಳುವುದಕ್ಕೆ ಜಾಸ್ತಿ ಹೊತ್ತು ಇರಲಿ.

ಪ್ರತಿ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಆಚರಿಸುತ್ತೇವೆ. ಒಳ್ಳೆಯದೇ. ಉಳಿದ 51 ವಾರವೂ ಏನಾದರೂ ನಡೆಯಲಿ ಅನ್ನುವುದು ನನ್ನ ಆಸೆ.

ಹೊಸದಾಗಿ ಓದಲು ಕಲಿತವರ ಬಗ್ಗೆ ಬೇರೆಯಾಗಿಯೇ ಹೇಳಬೇಕು. 2011ರ ಗಣತಿ ಪ್ರಕಾರ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 75ರ ಆಸುಪಾಸು. 15 ವರ್ಷ ದಾಟಿದ, ಓದು ಬಾರದವರಿಗಾಗಿ ಈಗ ಉಲ್ಲಾಸ್ ಕಾರ್ಯಕ್ರಮ ಇದೆ. ಹೆಸರು ಬರೆಯಲು, ಬಸ್ಸಿನ ಬೋರ್ಡ್ ಓದಲು ಕಲಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಆ ಅಕ್ಕಂದಿರ ಕೈಗೆ ಓದಲು ಏನು ಕೊಡುತ್ತೇವೆ? ಓದದೆ ಬಿಟ್ಟರೆ ಕಲಿತ ಅಕ್ಷರ ಮರೆತೇ ಹೋಗುತ್ತೆ. ಅವರಿಗೆ ದಪ್ಪಕ್ಷರದ, ಸಣ್ಣ ಸಣ್ಣ ವಾಕ್ಯದ ಪುಸ್ತಕ ಬೇಕು. ಮಕ್ಕಳ ಕಥೆ ಪುಸ್ತಕ ಕೊಟ್ಟರೆ ಅವರಿಗೆ ನಾಚಿಕೆ ಆಗುತ್ತೆ. ದೊಡ್ಡವರ ಬದುಕಿನ ವಿಷಯವೇ ಇರಬೇಕು. ಪ್ರತಿ ಶಾಖೆಯಲ್ಲಿ ಇಂಥ ಪುಸ್ತಕಕ್ಕೆ ಒಂದು ಕಪಾಟು ಇಡಿಸಿ.

ಹೆಣ್ಣುಮಕ್ಕಳು ಬರಬೇಕಾದರೆ ಶೌಚಾಲಯ ಇರಬೇಕು, ಅದಕ್ಕೆ ಬೀಗ ಹಾಕಿರಬಾರದು. ರಸ್ತೆಯಲ್ಲಿ ದೀಪ ಇರಬೇಕು. ಇವೆರಡೂ ಪಾಲಿಕೆಯದೇ ಕೆಲಸ. ಇಷ್ಟಾಗದೆ, ಹೆಂಗಸರು ಗ್ರಂಥಾಲಯಕ್ಕೆ ಬರಲ್ಲ ಅಂತ ಯಾರೂ ಹೇಳಬಾರದು.

ಇದೆಲ್ಲ ನಡೆಯುವ ಮಾತಾ ಅಂತ ಅನ್ನಿಸಿದರೆ ಹಳೆಯದೊಂದು ನೆನಪಿಸುತ್ತೇನೆ. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಜೋಡಿಸಿಕೊಂಡು ಹಳ್ಳಿ ಹಳ್ಳಿಗೆ ಹೋದರು. ಅದೇ ವರ್ಷ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗರ ಸಮಯ ಉಳಿಸಬೇಕು ಅನ್ನುವುದು ಅದರಲ್ಲೊಂದು. ಕೂಲಿಯವರಿಗೆ ಸಮಯ ಅಂದರೆ ಅವತ್ತಿನ ಸಂಬಳ. ಅವರು ಬಿಡುವಾಗುವ ಹೊತ್ತಿಗೆ ಗ್ರಂಥಾಲಯ ಮುಚ್ಚಿದ್ದರೆ ಆ ಸೂತ್ರ ನಮ್ಮೂರಿಗೆ ಇನ್ನೂ ಬಂದಿಲ್ಲ ಅಂತಲೇ ಅರ್ಥ. ಅಷ್ಟು ದೂರ ಯಾಕೆ, ನಮ್ಮ ಹಳ್ಳಿಗಳನ್ನೇ ನೋಡಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವುಗಳಿಗೆ ಅರಿವು ಕೇಂದ್ರ ಅಂತ ಹೆಸರು. ಪುಸ್ತಕದ ಜೊತೆಗೆ ಮಾಹಿತಿ ಕೊಡುವುದೂ ಅವುಗಳ ಕೆಲಸ. ಹಳ್ಳಿಗೆ ಒಪ್ಪಿದ್ದು ನಗರದ ವಾರ್ಡಿಗೂ ಬೇಕಲ್ವಾ?

ಹೆಚ್ಚು ಹೊತ್ತು ತೆರೆಯಿರಿ ಅಂತ ಈಗ ಇರುವ ಗ್ರಂಥಾಲಯ ಸಿಬ್ಬಂದಿಯ ಮೇಲೆ ಹೊರೆ ಹಾಕುವುದು ನನಗೆ ಇಷ್ಟವಿಲ್ಲ. ಕಡಿಮೆ ಸಂಬಳಕ್ಕೆ ಬೆಳಗಿನಿಂದ ದುಡಿಯುವವರು ಅವರು. ಸಂಜೆ ಪಾಳಿಗೆ ಬೇರೆಯವರೇ ಬೇಕು, ಅವರಿಗೆ ಸರಿಯಾದ ಸಂಬಳ ಕೊಡಬೇಕು. ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿದ್ದವರು ಜೊತೆಗೆ ಬಂದು ಕೂರಬಹುದು. ಆದರೆ ಪಾಳಿಯ ಜವಾಬ್ದಾರಿ ಸಂಬಳದ ಮನುಷ್ಯನ ಮೇಲಿರಬೇಕು, ಸ್ವಯಂಸೇವಕರ ಮೇಲಲ್ಲ.

ಹಣದ ಮಾತಿಗೆ ಮತ್ತೆ ಬರಲೇಬೇಕು. ಪ್ರತಿ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟನ್ನು ಯಾವ ದಿನ ಗ್ರಂಥಾಲಯಕ್ಕೆ ಕೊಟ್ಟಿರಿ, ಬಾಕಿ ಇದ್ದರೆ ಎಷ್ಟು, ಇದನ್ನು ಪಾಲಿಕೆಯ ಬೋರ್ಡಿನ ಮೇಲೆ ಮತ್ತು ಪ್ರತಿ ಶಾಖಾ ಗ್ರಂಥಾಲಯದ ಗೋಡೆಯ ಮೇಲೆ ಹಾಕಿಸಿ. ಇಂಥ ಮಾಹಿತಿಯನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತೆ. ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಇದೆ ಅಂತ ಆಟೋದಲ್ಲಿ ಮೈಕ್ ಕಟ್ಟಿ ಸಾರುವಾಗ, ಈ ತೆರಿಗೆಯಲ್ಲಿ ನಿಮ್ಮ ಗ್ರಂಥಾಲಯದ ಪಾಲೂ ಇದೆ ಅಂತ ಒಂದು ಮಾತು ಸೇರಿಸಿದರೆ ಜನಕ್ಕೂ ತಿಳಿಯುತ್ತೆ.

45 ವಾರ್ಡಿನಲ್ಲೂ ಒಟ್ಟಿಗೆ ಶುರು ಮಾಡಿ ಅಂತ ನಾನು ಕೇಳುತ್ತಿಲ್ಲ. ಭಟ್ಟಿಗಳ ಕಡೆ ಒಂದು ಶಾಖೆ, ಎಪಿಎಂಸಿ ಹತ್ತಿರ ಒಂದು. ಗ್ರಂಥಾಲಯ ಇಲಾಖೆಯ ಅಧಿಕಾರಿಗಳನ್ನು ಕರೆದು ಒಂದು ಸಭೆ ಮಾಡಿ. ಆ ಸಭೆಗೆ ಹಮಾಲರ ಕಡೆಯಿಂದ ಇಬ್ಬರನ್ನು, ಬೀಡಿ ಕಟ್ಟುವ ಹೆಣ್ಣುಮಕ್ಕಳ ಕಡೆಯಿಂದ ಇಬ್ಬರನ್ನು ಕರೆಸಿ, ಯಾವ ಹೊತ್ತಿಗೆ ಬಾಗಿಲು ತೆರೆದರೆ ನಿಮಗೆ ಅನುಕೂಲ ಅಂತ ಅವರನ್ನೇ ಕೇಳಿ. ಆರು ತಿಂಗಳು ನಡೆಸಿ ನೋಡಿ. ಎಷ್ಟು ಜನ ಬಂದರು, ಏನು ಕೇಳಿದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಸಿಡಿ. ಆ ಪುಸ್ತಕ ನೋಡಿಕೊಂಡು ಮುಂದಿನದನ್ನು ತೀರ್ಮಾನಿಸಬಹುದು.

ಎಪಿಎಂಸಿ ಹತ್ತಿರದ ಶಾಖೆಯಲ್ಲಿ ಮೇಜು ಹಾಕಿಸಿದರೆ, ಭಾನುವಾರ ಸಂಜೆ ಅಲ್ಲಿ ಜೊತೆಗೆ ಕೂತು ಅರ್ಜಿ ಬರೆದುಕೊಡಲು ನಾನು ತಯಾರಿದ್ದೇನೆ. ನಮ್ಮ ಸಾಲಿನ ಇನ್ನೂ ಕೆಲವು ಗುಮಾಸ್ತರು ಬರುತ್ತೇವೆ ಅಂದಿದ್ದಾರೆ. ಸಭೆಯ ದಿನಾಂಕ ಗೊತ್ತುಪಡಿಸಿ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಎಪಿಎಂಸಿಯ ಒಬ್ಬ ಗುಮಾಸ್ತ
ನಿಟ್ಟುವಳ್ಳಿ, ದಾವಣಗೆರೆ